ಗುಬ್ಬಿ ಅಂದರೆ ಯಾವ ದೇಶ?

ಆ ಭಾನುವಾರ ಬೆಳಗ್ಗೆ ನಮ್ಮ ಮನೆಯಲ್ಲಿ ಮಾತು ಹತ್ತಿದ್ದು ಕೊತ್ತಂಬರಿ ಸೊಪ್ಪಿನ ವಿಷಯಕ್ಕೆ. ತಳ್ಳುಗಾಡಿಯವನು ತರಕಾರಿಯ ಜೊತೆಗೆ ಬಿಟ್ಟಿಯಾಗಿ ಕೊಟ್ಟ ಕಟ್ಟು ಅದು. ಬಿಟ್ಟಿ ಕೊಟ್ಟಿದ್ದಾನೆ ಎಂದರೆ ಒಳಗೆ ಕೊಳೆತಿರಲೇಬೇಕು ಎಂದು ನಾನು ಕಟ್ಟು ಬಿಚ್ಚಿ ಒಂದೊಂದೇ ಕಡ್ಡಿಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದೆ. ನನ್ನ ಹೆಂಡತಿ ಪ್ರಮೀಳ ಸೀರೆಯ ನೆರಿಗೆ ಹಿಡಿದುಕೊಂಡೇ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

"ಸಿಕ್ತಾ ಕಳ್ಳ?" ಎಂದಳು.

"ಇನ್ನೂ ಇಲ್ಲ."

"ಸಿಕ್ಕಿದ್ ಮೇಲೆ ಮಿಕ್ಕಿದ್ದನ್ನ ಚಿತ್ರಾನ್ನಕ್ಕೆ ಹಾಕ್ಕೊಳ್ಳಿ. ನಾನು ಕುಣಿಗಲ್ ಕಡೆ ಹೋಗ್ಬರ್ತೀನಿ."

ನಾನು ಸೊಪ್ಪು ಬಿಟ್ಟು ಸ್ಕೂಟರಿನ ಕೀ ಹುಡುಕಲು ಎದ್ದೆ. ಹೀಗೆ ಅವಳು ಊರೂರಿಗೆ ಹೊರಡುವ ಭಾನುವಾರಗಳಲ್ಲಿ ಅವಳನ್ನು ಕರೆದುಕೊಂಡು ಹೋಗುವುದು ನಾನೇ. ಅವಳು ತಲೆಯಾಡಿಸಿದಳು. "ಈ ಸಲ ನೀವು ಬೇಡ ರೀ. ಬಸ್ಸಲ್ಲೇ ಹೋಗ್ತೀನಿ."

"ಎಲ್ಲಿಗೆ?"

"ಕೊತ್ತಗೆರೆಗೆ."

"ಯಾರ ಮನೆಗೆ?"

"ಶಾಲೆ ಕಾರ್ಯಕ್ರಮದ ದಿನ ಕೇಳಿದ್ರೆ ನಿಮಗೇ ಗೊತ್ತಾಗುತ್ತೆ ಬಿಡ್ರೀ." ಕೊಳಲು ಇಟ್ಟಿದ್ದ ಬಟ್ಟೆಚೀಲವನ್ನು ಹೆಗಲಿಗೆ ಹಾಕಿಕೊಂಡು ಹೊರಟೇಬಿಟ್ಟಳು. ನಾನು ಬಾಗಿಲಲ್ಲಿ ನಿಂತು ಅವಳು ಬೀದಿಯ ತಿರುವು ದಾಟುವವರೆಗೂ ನೋಡಿದೆ. ಪ್ರೀತಿಯಿಂದ ನೋಡಿದೆ ಎಂದು ಹೇಳಿದರೆ ನೀವು ನಂಬುತ್ತೀರಿ. ಆದರೆ ನಾನು ನೋಡಿದ್ದು ಅವಳು ಬಸ್ ಸ್ಟ್ಯಾಂಡಿನ ಕಡೆಗೇ ತಿರುಗುತ್ತಾಳೋ ಇಲ್ಲವೋ ಎಂದು. ಬಸ್ ಸ್ಟ್ಯಾಂಡಿನ ಕಡೆಗೇ ತಿರುಗಿದಳು.

ನಾವಿಬ್ಬರೂ ಏನೂ ಆಗದೆ ಕಳೆದ ಕೊನೆಯ ಭಾನುವಾರ ಅದು. ಕೊತ್ತಂಬರಿ ಸೊಪ್ಪು ಚೆನ್ನಾಗಿಯೇ ಇತ್ತು.

ನನ್ನ ಈ ಗುಣದ ಬಗ್ಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾನು ತುಮಕೂರಿನ ಸತ್ಯಮಂಗಲದಲ್ಲಿ, ಪಂಪಿನ ಬಿಡಿಭಾಗಗಳನ್ನು ಮಾಡುವ ಒಂದು ಸಣ್ಣ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದೇನೆ. ಬೇರೆಯವರು ಮಾಡಿದ್ದನ್ನು ಅನುಮಾನಿಸುವುದಕ್ಕೇ ನನಗೆ ಸಂಬಳ. ಸಂಜೆ ಕಾರ್ಖಾನೆಯ ಗೇಟು ದಾಟಿದ ಮೇಲೂ ಈ ಕೆಲಸ ನಿಲ್ಲುವುದಿಲ್ಲ ಎಂಬುದು ನನ್ನ ಮನೆಯವರ ದೂರು. ಹಾಲಿನವನ ಅಳತೆ, ಆಟೋದ ಮೀಟರು, ಮದುವೆಮನೆಯ ಬಾದಾಮಿ ಹಾಲಿನಲ್ಲಿ ಬಾದಾಮಿ ಎಷ್ಟು ಎಂಬುದು, ಎಲ್ಲವನ್ನೂ ನಾನು ತಿರುಗಿಸಿ ನೋಡುತ್ತೇನೆ. ನನ್ನ ಮಾವನವರು ಬದುಕಿದ್ದಾಗ, "ಅಳಿಯಂದ್ರು ತಾಳಿ ಕಟ್ಟೋವಾಗ್ಲೂ ಹುಡುಗಿ ಅದೇನಾ ಅಂತ ಒಂದ್ಸಲ ಬಗ್ಗಿ ನೋಡಿದ್ರು" ಎಂದು ಎಲ್ಲರೆದುರು ನಗುತ್ತಿದ್ದರು. ನಿಜವಾಗಿಯೂ ನೋಡಿದ್ದೆ. ಅದೇ ಹುಡುಗಿಯೇ ಆಗಿದ್ದಳು.

ಪ್ರಮೀಳ ಊರಿನ ಒಂದು ಮಾಧ್ಯಮಿಕ ಶಾಲೆಯಲ್ಲಿ ಸಂಗೀತ ಹೇಳಿಕೊಡುತ್ತಿದ್ದಳು. ಆರರಿಂದ ಎಂಟನೇ ತರಗತಿಯ ಮಕ್ಕಳ ಬ್ಯಾಂಡು ಅವಳ ಕೈಯಲ್ಲಿತ್ತು. ಕೆಲವು ಸೈಡ್ ಡ್ರಮ್ಮು, ಒಂದು ದೊಡ್ಡ ಡ್ರಮ್ಮು, ತಾಳ, ಟ್ರಯಾಂಗಲ್, ಪ್ಲಾಸ್ಟಿಕ್ ಕೊಳಲುಗಳು, ಬಾಯಲ್ಲಿ ಊದುತ್ತಾ ಬೆರಳಲ್ಲಿ ಒತ್ತುವ ಮೆಲೋಡಿಕಾ. ಸ್ವಾತಂತ್ರ್ಯ ದಿನಾಚರಣೆಗೂ ಗಣರಾಜ್ಯೋತ್ಸವಕ್ಕೂ ಅದೇ ಎರಡು ಮಾರ್ಚು ನುಡಿಸಿ ಮಕ್ಕಳಿಗೂ ಸಾಕಾಗಿತ್ತು, ಕೇಳುವವರಿಗೂ ಸಾಕಾಗಿತ್ತು. ಆ ವರ್ಷದ ವಾರ್ಷಿಕೋತ್ಸವಕ್ಕೆ ಹೆಡ್‌ಮಿಸ್ ಒಂದು ವಿಷಯ ಕೊಟ್ಟರು: ಜಗತ್ತು ಸುತ್ತಿ ಬರುವುದು. ಒಂದೊಂದು ದೇಶಕ್ಕೆ ಒಂದೊಂದು ಹಾಡು.

ನಮ್ಮ ಪಾಲಿಗೆ ಶ್ರೀಶೈಲವೇ ವಿದೇಶ. ಅದರಾಚೆಗೆ ನಾವು ಹೋದವರಲ್ಲ. ಮೊಬೈಲಿನಲ್ಲಿ ಹುಡುಕಿದರೆ ಎಲ್ಲ ದೇಶದ ಹಾಡೂ ಸಿಗುತ್ತದಲ್ಲ ಎಂದು ನಾನೇ ಹೇಳಿದೆ. ಅವಳಿಗೆ ಅದು ಸರಿ ಬರಲಿಲ್ಲ. "ಮೊಬೈಲೇ ಹಾಡೋದಾದ್ರೆ ಮಕ್ಕಳು ಯಾಕ್ ಊದ್ಬೇಕು?" ಎಂದಳು. ಎರಡು ದಿನ ಯೋಚಿಸಿ ಒಂದು ದಾರಿ ಕಂಡುಕೊಂಡಳು. ನಮ್ಮ ಸುತ್ತಮುತ್ತ ಹೊರದೇಶಕ್ಕೆ ಹೋಗಿ ಬಂದವರು ಯಾರ್‍ಯಾರಿದ್ದಾರೆ ಎಂದು ವಿಚಾರಿಸುವುದು, ಅವರ ಮನೆಗೆ ಹೋಗುವುದು, ಒಂದೇ ಒಂದು ಪ್ರಶ್ನೆ ಕೇಳುವುದು: ಅಲ್ಲಿ ಮೊದಲನೇ ದಿನ ಬೆಳಗ್ಗೆ ಎದ್ದಾಗ ನಿಮ್ಮ ಕಿವಿಗೆ ಏನು ಬಿತ್ತು? ಅವರು ಹೇಳಿದ್ದನ್ನು ಕೇಳಿಕೊಂಡು ಬಂದು ಅದರಿಂದ ಒಂದು ಟ್ಯೂನು ಕಟ್ಟುವುದು.

ಸ್ಕೂಟರು ಓಡಿಸುವುದು ನನ್ನ ಪಾಲಿಗೆ ಬಂತು. ಕರೆಯದಿದ್ದರೂ ಅನುಮಾನಿಸುವ ಕೆಲಸವನ್ನೂ ನಾನೇ ವಹಿಸಿಕೊಂಡೆ.

ಮೊದಲು ಹೋದದ್ದು ಗುಬ್ಬಿಗೆ. ಅಲ್ಲೊಬ್ಬರು ನಿವೃತ್ತ ಹವಾಲ್ದಾರರು, ವಿಶ್ವಸಂಸ್ಥೆಯ ಶಾಂತಿಪಡೆಯ ಜೊತೆಗೆ ಕಾಂಗೋ ದೇಶಕ್ಕೆ ಹೋಗಿದ್ದವರು. ಪ್ರಶ್ನೆ ಕೇಳಿದ ಕೂಡಲೇ ಅವರು ಕಣ್ಣು ಕಿರಿದು ಮಾಡಿಕೊಂಡು ಹೇಳಿದರು. "ಒನಕೆ ಸದ್ದು ಕಣಮ್ಮ. ಹೆಂಗಸ್ರು ಅದೇನೋ ಗೆಡ್ಡೆ ಕುಟ್ತಿದ್ರು. ಇಬ್ರು, ಒಬ್ರಾದ್ ಮೇಲೊಬ್ರು. ಒನಕೆ ಮೇಲ್ ಹೋದಾಗ ಮಧ್ಯದಲ್ಲಿ ಒಂದು ಚಪ್ಪಾಳೆ."

ಕಾಂಗೋದಲ್ಲಿ ಒನಕೆಯೇ? "ನಮ್ಮಜ್ಜಿ ಮನೇಲೂ ಇದೇ ಸದ್ದು ಅಲ್ವಾ ಹವಾಲ್ದಾರ್ರೇ?" ಎಂದೆ. ಅವರು ಎದ್ದು ಒಳಗೆ ಹೋಗಿ ನೀಲಿ ಟೋಪಿ ಹಾಕಿಕೊಂಡ ಫೋಟೋ ತಂದು ನನ್ನ ಕೈಗಿಟ್ಟರು. ನಾನು ಅದನ್ನು ನೋಡಿ, ಆಮೇಲೆ ತಿರುಗಿಸಿ ಹಿಂಬದಿಯನ್ನೂ ನೋಡಿದೆ. ದಾರಿಯಲ್ಲಿ ಬರುವಾಗ ಹಿಂದಿನ ಸೀಟಿನಿಂದ ಪ್ರಮೀಳ ಕೇಳಿದಳು.

"ಫೋಟೋ ಹಿಂದ್ಗಡೆ ಏನಿತ್ತು?"

"ಏನೂ ಇರ್ಲಿಲ್ಲ."

"ಈಗ ನೆಮ್ಮದಿ ಆಯ್ತಾ?"

"ಇಲ್ಲ," ಎಂದೆ. ಗುಬ್ಬಿಯಿಂದ ತುಮಕೂರಿನವರೆಗೆ ಅವಳು ನಗುತ್ತಲೇ ಬಂದಳು. ನನ್ನ ಬೆನ್ನಿಗೆ ಆ ನಗು ತಿಳಿಯುತ್ತಿತ್ತು.

ಇನ್ನೊಂದು ಭಾನುವಾರ ಅಮೃತೂರು. ಅಲ್ಲಿನ ಜಯಮ್ಮನವರು ಮಗಳ ಬಾಣಂತನಕ್ಕೆಂದು ಜರ್ಮನಿಗೆ ಹೋಗಿ ಬಂದಿದ್ದರು. "ಏನ್ ಸದ್ದಮ್ಮ ಅಲ್ಲಿ? ಸದ್ದೇ ಇಲ್ಲ! ಭಾನ್ವಾರ ಮಿಕ್ಸಿ ಹಾಕಂಗಿಲ್ಲ, ಗೊತ್ತಾ? ನಾನ್ ತಿಳೀದೆ ಚಟ್ನಿಗೆ ಅಂತ ಗರ್ ಅನ್ಸಿದೆ, ಕೆಳಗಡೆ ಮನೆಯವ್ನು ಬಂದು ಬೆಲ್ ಒತ್ಬಿಟ್ಟ. ನನ್ ಮಗ್ಳು ಬಾಯ್ ಮೇಲೆ ಬೆರಳಿಟ್ಕೊಂಡು ಶ್ ಅಂತಾವ್ಳೆ. ಮಗು ಒಂದೇ ಅಲ್ಲಿ ಧೈರ್ಯವಾಗಿ ಅಳ್ತಿದ್ದಿದ್ದು." ಚಟ್ನಿ ಅರೆದರೆ ತಪ್ಪೆನ್ನುವ ದೇಶ ಇರಬಹುದೆಂದು ನನಗೆ ನಂಬಿಕೆ ಬರಲಿಲ್ಲ. ಕಾರ್ಖಾನೆಯಲ್ಲಿ ಒಬ್ಬರನ್ನು ವಿಚಾರಿಸಿದೆ. ಅವರೂ ಹೌದು, ಹಾಗೆಂದು ಕೇಳಿದ್ದೇನೆ ಎಂದರು. ನಾನು ಅವರನ್ನೂ ನಂಬಲಿಲ್ಲ.

ನಮ್ಮ ಬೀದಿಯ ಟೈಲರ್ ಸಾಹೇಬರು ಹಜ್ ಯಾತ್ರೆ ಮಾಡಿ ಬಂದವರು. "ಕಾಲು ಮೇಡಮ್," ಎಂದರು ಅವರು, ಕತ್ತರಿಯನ್ನು ಪಕ್ಕಕ್ಕಿಟ್ಟು. "ಲಕ್ಷಗಟ್ಟಲೆ ಬರಿಗಾಲು, ಕಲ್ಲಿನ ಮೇಲೆ. ಬೂಟಿನ ಸದ್ದಲ್ಲ, ಚರ್ಮದ ಸದ್ದು. ಕಣ್ ಮುಚ್ಚಿದ್ರೆ ಮಳೆ ಬರ್ತಿದೆ ಅನ್ಸುತ್ತೆ." ಅವರನ್ನು ನಾನು ಏನೂ ಕೇಳಲಿಲ್ಲ. ಅನುಮಾನ ಬರಲಿಲ್ಲವೆಂದಲ್ಲ, ನನ್ನ ಪ್ಯಾಂಟಿನ ಬಟ್ಟೆ ಅವರ ಹತ್ತಿರ ಇತ್ತು.

ಪ್ರಮೀಳ ಇದನ್ನೆಲ್ಲ ಎಲ್ಲಿಯೂ ಬರೆದಿಟ್ಟುಕೊಳ್ಳುತ್ತಿರಲಿಲ್ಲ. ಬಾಯಲ್ಲಿ ಹಾಡಿ, ಮಕ್ಕಳ ಬಾಯಲ್ಲಿ ಹಾಡಿಸಿ, ಆಮೇಲೆ ವಾದ್ಯಕ್ಕೆ ತರುವುದು ಅವಳ ಪದ್ಧತಿ. ಟ್ಯೂನುಗಳಿಗೆ ದೇಶದ ಹೆಸರನ್ನೂ ಇಡಲಿಲ್ಲ. ಕಾಂಗೋದ ಟ್ಯೂನಿಗೆ ಗುಬ್ಬಿ ಎಂದಳು, ಜರ್ಮನಿಗೆ ಅಮೃತೂರು ಎಂದಳು, ಮೆಕ್ಕಾದ್ದು ಟೈಲರ್ ಎಂದಾಯಿತು. ಇದೇನು ಎಂದು ಕೇಳಿದರೆ, "ಜರ್ಮನಿ ನಾನ್ ನೋಡಿಲ್ಲ ರೀ, ಅಮೃತೂರು ನೋಡಿದೀನಿ. ಅಮೃತೂರು ಅಂದ್ರೆ ಜಯಮ್ಮೋರು ಶ್ ಅಂದಿದ್ದು ನೆನಪಾಗುತ್ತೆ, ಟ್ಯೂನು ತಾನೇ ಬರುತ್ತೆ" ಎಂದಳು. ಯಾವುದು ಯಾವ ದೇಶ ಎಂದು ವೇದಿಕೆಯ ಮೇಲೆ ತಾನೇ ಹೇಳುವೆನೆಂದುಕೊಂಡಿದ್ದಳು.

ಕೊತ್ತಗೆರೆಗೆ ಹೋಗಿ ಬಂದ ವಾರ ಅವಳು ಬೆಳಗ್ಗೆ ಬೇಗ ಹೋಗಿ ಸಂಜೆ ತಡವಾಗಿ ಬರುತ್ತಿದ್ದಳು. ಬಂದವಳೇ ಸ್ಟೀಲ್ ಲೋಟದ ಅಂಚನ್ನು ಚಮಚದಿಂದ ಒಮ್ಮೆ ತಟ್ಟುವುದು, ಸುಮ್ಮನೆ ಕೂರುವುದು, ಮತ್ತೊಮ್ಮೆ ತಟ್ಟುವುದು. ಏನದು ಎಂದರೆ, ಕಾರ್ಯಕ್ರಮದ ದಿನ ಕೇಳಿ ಎನ್ನುವುದು. ಅದೇ ವಾರ ಒಂದು ಸಂಜೆ, ಶಾಲೆಯಿಂದ ಬಂದು ಕಾಲು ತೊಳೆಯಲು ಹೋದವಳು ಬಚ್ಚಲಿನ ಬಾಗಿಲಲ್ಲೇ ಕುಸಿದಳು. ಆಟೋದಲ್ಲಿ ಅವಳ ಬೆರಳುಗಳು ನನ್ನ ಮುಂಗೈ ಮೇಲೆ ತಾಳ ಹಾಕುತ್ತಿವೆ ಎಂದು ನನಗೆ ಅನಿಸಿತು. ರಸ್ತೆಯ ಗುಂಡಿಗಳಿಗೆ ಕೈ ಅಲುಗಿದ್ದಷ್ಟೇ ಇರಬಹುದು. ಆಸ್ಪತ್ರೆಯಲ್ಲಿ, ಮೆದುಳಿನಲ್ಲಿ ರಕ್ತನಾಳ ಒಡೆದಿದೆ ಎಂದರು. ಸ್ಕ್ಯಾನಿನ ಮೇಲಿದ್ದ ಹೆಸರನ್ನು ನಾನು ಓದಿದೆ. ಬೇರೆ ಯಾರದ್ದೋ ಇರಬೇಕು ಎಂದು ಅನುಮಾನವಿತ್ತು. ಅವಳ ಹೆಸರೇ ಇತ್ತು. ವಯಸ್ಸೂ ಸರಿಯಾಗಿತ್ತು. ಮಾರನೆಯ ದಿನ ಅವಳು ಹೋದಳು.

ನಮಗೆ ಮಕ್ಕಳಿಲ್ಲ. ಅವಳ ಉತ್ತರಕ್ರಿಯೆಯ ಶಿವಗಣಾರಾಧನೆ ಮುಗಿದು ನೆಂಟರೆಲ್ಲ ಹೊರಟ ಮೇಲೆ ಮನೆಯಲ್ಲಿ ನಾನೊಬ್ಬನೇ ಉಳಿದೆ. ಹಾಗಿದ್ದಾಗ ಒಂದು ಸಂಜೆ ಹೆಡ್‌ಮಿಸ್ ಬಂದರು. ಕಾಫಿ ಕೊಟ್ಟೆ. ಅವರು ಲೋಟವನ್ನು ಕೈಯಲ್ಲೇ ತಿರುಗಿಸುತ್ತಾ ಕೂತರು. ಇವರು ಬಂದಿರುವುದು ಶಾಲೆಯ ಮೆಲೋಡಿಕಾ ವಾಪಸು ಕೇಳಲು ಎಂದು ನನಗೆ ಖಾತ್ರಿಯಾಯಿತು.

"ಸರ್, ಈ ಸಮಯದಲ್ಲಿ ಕೇಳ್ಬಾರ್ದು. ತಪ್ಪು ತಿಳ್ಕೋಬೇಡಿ," ಎಂದರು.

"ಬೀರು ಮೇಲಿದೆ, ತಂದ್ಕೊಡ್ತೀನಿ."

"ಏನು?"

"ಮೆಲೋಡಿಕಾ."

"ಅಯ್ಯೋ, ಅದಲ್ಲ ಸರ್." ಅವರು ಲೋಟ ಕೆಳಗಿಟ್ಟರು. "ಗುಬ್ಬಿ ಅಂದ್ರೆ ಯಾವ ದೇಶ?"

ಅವಳು ಹೋದ ಮೇಲೆ ನಾನು ಮೊದಲ ಸಲ ನಕ್ಕದ್ದು ಆಗ. ನಗು ಬಂದದ್ದು ನನಗೇ ಹಿಡಿಸಲಿಲ್ಲ. ಹೆಡ್‌ಮಿಸ್ ಗಾಬರಿಯಾಗಿ ಎದ್ದು ನಿಂತರು. ಆಮೇಲೆ ವಿಷಯ ತಿಳಿಯಿತು. ವಾರ್ಷಿಕೋತ್ಸವವನ್ನು ಮುಂದಕ್ಕೆ ಹಾಕಿದ್ದಾರೆ. ಮಕ್ಕಳಿಗೆ ನಾಲ್ಕೂ ಟ್ಯೂನು ಬಾಯಿಗೆ ಬಂದಿವೆ, ನುಡಿಸಿಯೇ ನುಡಿಸುತ್ತೇವೆ ಎಂದು ಹಟ ಹಿಡಿದಿದ್ದಾರೆ. ಯಾವುದು ಯಾವ ದೇಶದ್ದು ಎಂದು ಮಾತ್ರ ಒಬ್ಬರಿಗೂ ಗೊತ್ತಿಲ್ಲ. "ನೀವೇ ಕರ್ಕೊಂಡ್ ಹೋಗ್ತಿದ್ರಂತಲ್ಲ. ಒಂದ್ಸಲ ಬಂದು ಕೇಳಿ ಹೇಳ್ಬಿಡಿ ಸರ್."

ಹೋದೆ. ಶಾಲೆಯ ಹಿಂದಿನ ಶೆಡ್ಡಿನಲ್ಲಿ ಮಕ್ಕಳು ಸಾಲಾಗಿ ನಿಂತಿದ್ದರು. ಎಂಟನೇ ತರಗತಿಯ ಸಿಂಚನ ಎಂಬ ಹುಡುಗಿ ಕೋಲು ಹಿಡಿದು ಮುಂದೆ ನಿಂತಿದ್ದಳು. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅನುಮಾನದ ಅಂಕಲ್ ನೀವೇನಾ?" ಎಂದಳು. ಹೆಡ್‌ಮಿಸ್ ಅವಳನ್ನು ಗದರಿಸಿದರು. ಶಾಲೆಯಲ್ಲಿ ನನಗೆ ಈ ಹೆಸರಿದೆ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ದೊಡ್ಡ ಡ್ರಮ್ಮಿನ ಮೇಲೆ ಎರಡು ಕೋಲು ಒಂದಾದ ಮೇಲೊಂದು ಬಿದ್ದವು, ನಡುವೆ ಒಂದು ಚಪ್ಪಾಳೆ. "ಕಾಂಗೋ," ಎಂದೆ. ಮೆಲೋಡಿಕಾ ಕೇಳಿಸಿಯೂ ಕೇಳಿಸದಂತೆ ನಡೆಯುತ್ತಿದ್ದಾಗ ಸೈಡ್ ಡ್ರಮ್ಮು ಒಮ್ಮೆಲೇ ಗರ್ ಎಂದಿತು, ಮಕ್ಕಳೆಲ್ಲ ಶ್ ಎಂದರು. "ಜರ್ಮನಿ." ಅಂಗೈಗಳು ಡ್ರಮ್ಮಿನ ಚರ್ಮವನ್ನು ಸವರಿದವು, ತಗಡಿನ ಶೆಡ್ಡಿನೊಳಗೆ ಮಳೆ ಬಂದಂತಾಯಿತು. "ಮೆಕ್ಕಾ. ಸೌದಿ ಅರೇಬಿಯಾ." ಹೆಡ್‌ಮಿಸ್ ಅವರ ಮುಖದಲ್ಲಿ ಗೆಲುವು ಬಂತು.

ಆಮೇಲೆ ಕೊತ್ತಗೆರೆ. ಟ್ರಯಾಂಗಲ್ ಒಮ್ಮೆ ಟಿಂಗ್ ಎಂದಿತು. ಮೆಲೋಡಿಕಾ ಒಂದೇ ಸ್ವರವನ್ನು ಹಿಡಿದು ಗುಂಯ್ ಎನ್ನುತ್ತಾ ನಿಂತಿತು. ಕೊಳಲು ಏನೋ ಕೇಳಿದಂತೆ ನುಡಿಯಿತು, ಇನ್ನೊಂದು ಕೊಳಲು ಉತ್ತರ ಹೇಳಿದಂತೆ ನುಡಿಯಿತು. ಹೀಗೆ ನಾಲ್ಕಾರು ಸಲ. ಅಲ್ಲಿಗೆ ಎಲ್ಲ ನಿಂತುಹೋಯಿತು. ಮಕ್ಕಳು ಅಲ್ಲಾಡದೆ ನಿಂತರು. ನಾನು ಕಾದೆ, ಹೆಡ್‌ಮಿಸ್ ಕಾದರು.

"ಮರ್ತೋಯ್ತೇನಮ್ಮ?" ಎಂದೆ.

ಸಿಂಚನ ತಿರುಗಲಿಲ್ಲ. ಬಹಳ ಹೊತ್ತಿನ ಮೇಲೆ ಕೋಲು ಅಲುಗಿಸಿದಳು. ಕೊಳಲಿನಿಂದ ಮೂರು ಸಣ್ಣ ಸ್ವರ ಬಂದವು. ಟಿಂಗ್. ಮುಗಿಯಿತು. ಆಗ ತಿರುಗಿ, "ಮರ್ತಿಲ್ಲ ಅಂಕಲ್. ಅಲ್ಲಿ ಸುಮ್ನಿರ್ಬೇಕು. ಮಿಸ್ ಹಂಗೇ ಹೇಳ್ಕೊಟ್ಟಿದ್ದು" ಎಂದಳು.

"ಯಾವ ದೇಶ ಸರ್?" ಎಂದರು ಹೆಡ್‌ಮಿಸ್.

ಗೊತ್ತಿಲ್ಲ ಎಂದೆ. ಅವರು ಸ್ವಲ್ಪ ಯೋಚಿಸಿ, "ದುಬೈ ಅಂತ ಹಾಕ್ಬಿಡೋಣ್ವಾ? ಯಾರ್ ಹೋಗಿ ನೋಡ್ತಾರೆ?" ಎಂದರು. ಅವರು ಒಳ್ಳೆಯವರು. ಆದರೆ ಹಾಗೆ ಅಳತೆ ನೋಡದೆ ಮುದ್ರೆ ಒತ್ತುವುದು ನನ್ನಿಂದಾಗದು. ಅದೂ ಅಲ್ಲದೆ, ಕೇಳಿದರೆ ನಿಮಗೇ ಗೊತ್ತಾಗುತ್ತೆ ಎಂದು ಅವಳು ಹೇಳಿದ್ದಳು. ಕೇಳಿದ್ದಾಯಿತು, ಗೊತ್ತಾಗಲಿಲ್ಲ. ಅವಳು ನನ್ನನ್ನು ಬಿಟ್ಟು ಹೋದದ್ದು ಯಾರ ಮನೆಗೆ, ಏಕೆ ಬಿಟ್ಟು ಹೋದಳು, ಇದು ತಿಳಿಯದೆ ನನಗೆ ಊಟ ಸೇರುವಂತಿರಲಿಲ್ಲ.

ಮುಂದಿನ ಭಾನುವಾರ ಕುಣಿಗಲ್ ದಾಟಿ ಕೊತ್ತಗೆರೆಗೆ ಹೋದೆ. ಟೀ ಅಂಗಡಿಯ ಮುಂದೆ ಸ್ಕೂಟರು ನಿಲ್ಲಿಸಿ, ಈ ಊರಿನಿಂದ ಫಾರಿನ್ನಿಗೆ ಹೋಗಿ ಬಂದವರು ಯಾರಾದರೂ ಇದ್ದಾರೆಯೇ ಎಂದು ಕೇಳಿದೆ. ಬೆಂಚಿನ ಮೇಲಿದ್ದವರು ನನ್ನನ್ನೂ ಸ್ಕೂಟರಿನ ನಂಬರನ್ನೂ ನೋಡಿದರು. ಅನುಮಾನದಿಂದ ನೋಡಿಸಿಕೊಳ್ಳುವುದು ಹೇಗಿರುತ್ತದೆ ಎಂದು ನನಗೆ ಆಗ ತಿಳಿಯಿತು.

"ಪಾಸ್‌ಪೋರ್ಟ್ ಎನ್ಕ್ವೈರಿನಾ ಸಾ?" ಎಂದ ಅಂಗಡಿಯವನು.

"ಅಲ್ಲಪ್ಪ."

"ಬ್ಯಾಂಕ್ನೋರಾ?"

"ಅಲ್ಲ."

"ನಮ್ಮೂರಲ್ಲಿ ಕುಣಿಗಲ್ ದಾಟಿದ್ರೆ ಅದೇ ಫಾರಿನ್ನು ಬುಡಿ," ಎಂದರು ಒಬ್ಬ ಹಿರಿಯರು. ಎಲ್ಲರೂ ನಕ್ಕರು. ಕೊನೆಗೆ ನಾನು ಮೊಬೈಲಿನಲ್ಲಿ ಪ್ರಮೀಳಳ ಫೋಟೋ ತೋರಿಸಿದೆ. ಹಿರಿಯರು ಫೋನನ್ನು ದೂರ ಹಿಡಿದು ನೋಡಿದರು. "ಅಯ್, ಪೀಪಿ ಮೇಡಮ್ಮು! ಸವಿತನ ಮನೆಗ್ ಬಂದಿದ್ರಲ್ಲ. ಅದ್ನ ಮೊದ್ಲೇ ಯೋಳ್ಬಾರ್ದಾ?"

ಸವಿತ ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಹಸುವಿಗೆ ಹುಲ್ಲು ಹಾಕುತ್ತಿದ್ದಳು. ನಾನು ಯಾರೆಂದು ಹೇಳಿದ ಕೂಡಲೇ ಮುಖ ಅರಳಿಸಿ, ಸೆರಗಿನಿಂದ ಕುರ್ಚಿ ಒರೆಸಿ, "ಕೂತ್ಕಳಿ ಸಾ. ಮೇಡಮ್ ಬರ್ಲಿಲ್ವಾ?" ಎಂದಳು.

ಹೇಳಿದೆ. ಅವಳು ಕೈಯಲ್ಲಿದ್ದ ಹುಲ್ಲನ್ನು ಹಾಗೇ ಹಿಡಿದುಕೊಂಡು ನಿಂತಳು. ಒಳಗೆ ಹೋಗಿ ನೀರು ತಂದು ಕೊಟ್ಟಳು. ನಾನು ಕುಡಿದೆ. ಅವಳು ಮಿಕ್ಕ ಹುಲ್ಲನ್ನು ಹಸುವಿನ ಮುಂದೆ ಹಾಕಿದಳು.

"ನೀನು ಯಾವ ದೇಶಕ್ಕಮ್ಮ ಹೋಗಿದ್ದು?" ಎಂದು ಕೇಳಿದೆ.

"ನಾನಾ? ನಾನೆಲ್ಲೋಗ್ಲಿ ಸಾ, ಹಸ ಬುಟ್ಟು? ನಮ್ಮನೆಯವ್ರು ಮಸ್ಕತ್ತಲ್ಲವ್ರೆ. ಒಂದು ದೊಡ್ಡ ಬಿಲ್ಡಿಂಗಲ್ಲಿ ಕೆಲ್ಸ."

ಪ್ರಮೀಳ ಅವಳಿಗೆ ಮೊದಲು ಸಿಕ್ಕಿದ್ದು ಆ ಭಾನುವಾರದ ಹಿಂದಿನ ವಾರ, ಕುಣಿಗಲ್ಲಿನಿಂದ ಬರುವ ಬಸ್ಸಿನಲ್ಲಂತೆ. ಸವಿತ ಗಂಡನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು, ಪಕ್ಕದಲ್ಲಿ ಕೂತಿದ್ದ ಪ್ರಮೀಳ ಕದ್ದು ಕೇಳಿಸಿಕೊಂಡಳು. ಆಮೇಲೆ ತಾನೇ ಒಪ್ಪಿಕೊಂಡು ಪರಿಚಯ ಮಾಡಿಕೊಂಡಳು. "ನಾನು ಹೋಗೇ ಇಲ್ವಲ್ಲ ಮೇಡಮ್, ನನ್ನೇನ್ ಕೇಳೀರಿ ಅಂದೆ. ದಿನಾ ಕೇಳಿಸ್ಕೊಂತೀಯಲ್ಲ, ನಿಂದೂ ನಡೀತದೆ ಅಂದ್ರು. ಅವ್ರು ಲಿಫ್ಟ್ ಪಕ್ಕ ನಿಂತ್ಕೊಂಡ್ ಮಾತಾಡ್ತಾರೆ ಸಾ, ಅಲ್ಲೇ ಸಿಗ್ನಲ್ಲು ಸಿಗೋದು. ಟಿಂಗ್ ಅಂತದೆ, ಬಾಗ್ಲು ತೆಗೀತದೆ. ಎ.ಸಿ. ಗುಂಯ್ ಅಂತಿರ್ತದೆ. ಊಟ ಆಯ್ತಾ ಅಂತಾರೆ, ಆಯ್ತು ಅಂತೀನಿ. ಹಸ ಎಷ್ಟ್ ಕೊಡ್ತು ಅಂತಾರೆ, ಯೋಳ್ತೀನಿ."

"ಆಮೇಲೆ?"

"ಆಮೇಲೆ ಮಾತೇ ಮುಗ್ದೋಯ್ತದೆ. ಇಡಕ್ ಮನಸಿರಲ್ಲ. ಅವ್ರೂ ಸುಮ್ಕಿರ್ತಾರೆ, ನಾನೂ ಸುಮ್ಕಿರ್ತೀನಿ. ಅವ್ರು ಉಸ್ರಾಡೋದು ಕೇಳ್ತದೆ. ಕೊನೇಗೆ ಅವ್ರೇ, ಇಡ್ಲಾ ಮತ್ತೆ, ಅಂತಾರೆ." ಅವಳು ನೆಲ ನೋಡಿದಳು. "ಮೇಡಮ್ ಅದನ್ನ ಎರಡೆರಡು ಸಲ ಕೇಳಿದ್ರು. ಎಷ್ಟೊತ್ತು ಸುಮ್ಕಿರ್ತೀರಿ, ಸುಮ್ಕಿದ್ದು ತೋರ್ಸು ಅಂದ್ರು. ಇಲ್ಲೇ ಕೂತು ಇಬ್ರೂ ಸುಮ್ಕಿದ್ವಿ."

ನಾನು ಏಕೆ ಬರಲಿಲ್ಲ ಎಂದು ಪ್ರಮೀಳ ಏನಾದರೂ ಹೇಳಿದಳೇ ಎಂದು ಕೇಳಿದೆ. ಸವಿತ ಹೇಳಲೋ ಬೇಡವೋ ಎಂದು ನೋಡಿ, ಕೊನೆಗೆ ನಕ್ಕಳು. "ಯಜಮಾನ್ರು ಬಂದ್ರೆ ನಿನ್ ಗಂಡನ್ ವೀಸಾ ನಂಬರ್ ಕೇಳ್ತಾರೆ ಕಣಮ್ಮ, ಅದ್ಕೇ ಬುಟ್ಬಂದೆ ಅಂದ್ರು ಸಾ. ಬೇಜಾರ್ ಮಾಡ್ಕಬ್ಯಾಡಿ."

ಬೇಜಾರಾಗಲಿಲ್ಲ. ಏಕೆಂದರೆ ನಾನು ಆ ಹೊತ್ತಿಗೆ ನಿಜವಾಗಿಯೂ, ಈ ಲಿಫ್ಟಿನ ಸದ್ದನ್ನು ಒಮ್ಮೆ ಕೇಳಬಹುದೇ ಎಂದು ಕೇಳಬೇಕೆಂದಿದ್ದೆ. ಕೇಳಿಯೂ ಬಿಟ್ಟೆ. ಸವಿತ ಹಣೆ ಚಚ್ಚಿಕೊಂಡು ಫೋನು ಮಾಡಿ ಸ್ಪೀಕರಿಗೆ ಹಾಕಿದಳು.

"ಯಾಕೇ, ಈಗ್ ಮಾಡಿದ್ದೀಯ?" ಎಂದಿತು ಗಂಡಸಿನ ದನಿ. ನಾನು ನಮಸ್ಕಾರ ಎಂದೆ. ಆ ಕಡೆ ದನಿ ಗಟ್ಟಿಯಾಯಿತು. "ಯಾರದು? ಯಾರೇ ಬಂದವ್ರೆ ಮನೇಗೆ?"

"ಪೀಪಿ ಮೇಡಮ್ ಯಜಮಾನ್ರು."

"ಯಾವ್ ಪೀಪಿ? ಅವ್ರ್ಯಾಕ್ ಬಂದ್ರು?"

"ಲಿಫ್ಟ್ ಸದ್ದು ಕೇಳಕ್ಕೆ."

"ಏನ್ಲೇ ಯೋಳ್ತಿದ್ದೀಯ ನೀನು?" ಎಂದು ಆತ ಕೂಗಿದ. ಅಷ್ಟರಲ್ಲಿ ಅವನ ಹಿಂದೆ ಟಿಂಗ್ ಎಂದಿತು. ಅದೇ ಸ್ವರ. ನಮ್ಮ ಮನೆಯ ಸ್ಟೀಲ್ ಲೋಟದ ಅಂಚಿನಿಂದ ಅವಳು ಹೊರಡಿಸಲು ಒದ್ದಾಡುತ್ತಿದ್ದ ಸ್ವರ. ನಾನು ಕೈಮುಗಿದು ಎದ್ದೆ. ಗಂಡನನ್ನು ಸಮಾಧಾನ ಮಾಡಲು ಸವಿತನಿಗೆ ಸ್ವಲ್ಪ ಹೊತ್ತು ಹಿಡಿಯಿತು.

ಹೊರಡುವಾಗ ಬಾಯಿಗೆ ಬಂದದ್ದನ್ನು ಕೇಳಿದೆ. "ಅವತ್ತು ಅವಳು ಊಟ ಇಲ್ಲೇ ಮಾಡಿದ್ಲಾ?"

"ಎಲ್ಲಿ ಸಾ. ಮುದ್ದೆಗ್ ಎಸರಿಟ್ಟಿದ್ದೆ, ಉಣ್ಕೊಂಡೋಗಿ ಅಂದೆ. ಬ್ಯಾಡ ಕಣಮ್ಮ, ಇನ್ನೊಂದ್ ಕಡೆ ಹೋಗ್ಬೇಕು ಅಂತ ಹೊರಟೇ ಬುಟ್ರು."

"ಎಲ್ಲಿಗೆ ಅಂತ ಕೇಳ್ಲಿಲ್ವಾ?"

"ನಾನ್ಯಾಕ್ ಕೇಳ್ಲಿ ಸಾ?" ಎಂದಳು, ನಿಜವಾಗಿಯೂ ಅರ್ಥವಾಗದೆ.

ಆ ಭಾನುವಾರ ಪ್ರಮೀಳ ಮನೆಗೆ ಬಂದದ್ದು ದೀಪ ಹಚ್ಚುವ ಹೊತ್ತಿಗೆ. ಕೊತ್ತಗೆರೆಯಿಂದ ತುಮಕೂರಿಗೆ ಬಸ್ಸು ಎಷ್ಟು ನಿಧಾನವಾದರೂ ಅಷ್ಟು ಹೊತ್ತು ಬೇಕಿಲ್ಲ. ನೀವು ಈಗ ಏನು ಯೋಚಿಸುತ್ತಿದ್ದೀರಿ ಎಂದು ನನಗೆ ಗೊತ್ತು. ನಾನೂ ಅದನ್ನೇ ಯೋಚಿಸಿದೆ. ಕುಣಿಗಲ್ ಕೆರೆಯ ಏರಿಯವರೆಗೂ ಯೋಚಿಸುತ್ತಾ ಬಂದೆ. ಅಲ್ಲಿ ಸ್ಕೂಟರು ನಿಲ್ಲಿಸಿ, ಅನುಮಾನಿಸಲು ಯಾರಾದರೊಬ್ಬ ಗಂಡಸಿನ ಹೆಸರು ಸಿಗುತ್ತದೆಯೇ ಎಂದು ಪ್ರಾಮಾಣಿಕವಾಗಿ ಹುಡುಕಿದೆ. ಟೈಲರ್ ಸಾಹೇಬರ ಹೆಸರೊಂದು ಬಂತು. ಅವರಿಗೆ ಎಪ್ಪತ್ತು ದಾಟಿದೆ, ಅಂದು ಅವರು ನನ್ನ ಪ್ಯಾಂಟು ಹೊಲಿಯುತ್ತಿದ್ದರು. ಏರಿಯ ಮೇಲೆ ನಿಂತಿದ್ದಾಗ ನನಗೆ ತಿಳಿದದ್ದು ಬೇರೆಯೇ. ಅವಳು ತಪ್ಪು ಮಾಡಿದಳೋ ಇಲ್ಲವೋ ಎಂದು ನನಗೆ ತಿಳಿಯಬೇಕಾಗಿರಲಿಲ್ಲ. ಅವಳಿಗೆ ಉಳಿದಿದ್ದ ದಿನಗಳೇ ಅಷ್ಟು. ಅದರಲ್ಲಿ ಅರ್ಧ ದಿನ ನನ್ನ ಲೆಕ್ಕಕ್ಕೆ ಸಿಗದೆ ಎಲ್ಲೋ ಬಿದ್ದಿದೆ. ಅದು ನನಗೆ ಬೇಕಾಗಿತ್ತು.

ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರುಗಳಿಗೆ ಫೋಟೋ ತೋರಿಸಿದೆ. ಭಾನುವಾರ ಎಷ್ಟೋ ಜನ ಹತ್ತುತ್ತಾರೆ ಸಾರ್ ಎಂದರು.

ಕಾರ್ಯಕ್ರಮ ಶಾಲೆಯ ಅಂಗಳದಲ್ಲಿ, ಶಾಮಿಯಾನದ ಕೆಳಗೆ ನಡೆಯಿತು. ಅವಳ ಫೋಟೋಗೆ ಹಾರ ಹಾಕಿ ನನ್ನನ್ನು ವೇದಿಕೆಗೆ ಕರೆದು ಶಾಲು ಹೊದಿಸಿಬಿಡುತ್ತಾರೆಂದು ನನಗೆ ಭಯವಿತ್ತು. ಹೆಡ್‌ಮಿಸ್ ಹಾಗೇನೂ ಮಾಡಲಿಲ್ಲ. ಟ್ಯೂನು ಕೊಟ್ಟವರನ್ನೆಲ್ಲ ಕರೆಸಿ ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ಸಿಂಚನ ಮೈಕಿನ ಮುಂದೆ ಬಂದು, "ಇದು ಗುಬ್ಬಿಯ ಕಾಂಗೋ" ಎಂದಳು. ಜನ ನಕ್ಕರು. ಡ್ರಮ್ಮು ಶುರುವಾದ ಮೇಲೆ ನಗು ನಿಂತಿತು. ಹವಾಲ್ದಾರರು ನನ್ನ ಕಡೆ ಬಾಗಿ, "ಒನಕೆ ಇನ್ನೂ ಸ್ವಲ್ಪ ಜೋರಾಗಿ ಬೀಳ್ಬೇಕು. ನಂಬ್ತೀರೋ ಇಲ್ವೋ" ಎಂದರು. ನಂಬುತ್ತೇನೆ ಎಂದೆ. ಅಮೃತೂರಿನ ಜರ್ಮನಿಯಲ್ಲಿ ಮಕ್ಕಳು ಶ್ ಎಂದಾಗ ಜಯಮ್ಮನವರು ತಾವೂ ಬಾಯ ಮೇಲೆ ಬೆರಳಿಟ್ಟುಕೊಂಡರು. ಬರಿಗಾಲುಗಳ ಸದ್ದು ಬಂದಾಗ ಟೈಲರ್ ಸಾಹೇಬರು ಕಣ್ಣು ಮುಚ್ಚಿದರು, ಮುಗಿದ ಮೇಲೂ ತೆರೆಯಲಿಲ್ಲ.

"ಕೊತ್ತಗೆರೆಯ ಮಸ್ಕತ್," ಎಂದಳು ಸಿಂಚನ. ಸವಿತ ಫೋನನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಳು. ಅದರ ತೆರೆಯ ಮೇಲೆ ಹೆಲ್ಮೆಟ್ ಹಾಕಿಕೊಂಡ ಒಂದು ಮುಖ, ಇನ್ನೂ ಪೂರ್ತಿ ನಂಬಿಕೆ ಬಾರದ ಹಾಗೆ, ನಮ್ಮ ಶಾಮಿಯಾನವನ್ನು ನೋಡುತ್ತಿತ್ತು. ಟಿಂಗ್. ಕೊಳಲುಗಳು ಮಾತಾಡಿದವು. ನಿಂತವು.

ಜನ ಮುಗಿಯಿತೆಂದು ಚಪ್ಪಾಳೆ ತಟ್ಟಿದರು. ಸಿಂಚನಳ ಕೋಲು ಮೇಲೆಯೇ ಇತ್ತು. ಚಪ್ಪಾಳೆ ನಾಚಿಕೊಂಡು ನಿಂತಿತು. ಯಾರೋ ಕೆಮ್ಮಿದರು. ಒಂದು ಮಗು ಅಮ್ಮಾ ಎಂದಿತು. ಮಕ್ಕಳು ಮರೆತಿದ್ದಾರೆ ಎಂದು ಹಿಂದಿನ ಸಾಲಿನವರು ಪಿಸುಗುಟ್ಟುವುದು ಕೇಳಿಸಿತು. ಮರೆತಿಲ್ಲ ಎಂದು ನನಗೆ ಗೊತ್ತಿತ್ತು. ಕೊತ್ತಗೆರೆಯ ಆ ಕುರ್ಚಿಯಲ್ಲಿ ಕೂತು ಅವಳು ಎಷ್ಟು ಹೊತ್ತು ಸುಮ್ಮನಿದ್ದಳೋ ಅಷ್ಟು ಹೊತ್ತು ಅದು. ನಾನು ಯಾರನ್ನೂ ಏನನ್ನೂ ಕೇಳದೆ ಅಷ್ಟು ಹೊತ್ತೂ ಕೂತಿದ್ದೆ. ಆಮೇಲೆ ಮೂರು ಸ್ವರ ಬಂದವು.

ಎಲ್ಲ ಮುಗಿದು ಲಾಡು ಹಂಚುವಾಗ ನಾನು ಮುಂದಿನ ಸಾಲಿನವರನ್ನು ಒಬ್ಬೊಬ್ಬರನ್ನಾಗಿ ವಿಚಾರಿಸಿದೆ. ಆ ಭಾನುವಾರ ಮಧ್ಯಾಹ್ನ ಅವಳು ನಿಮ್ಮ ಮನೆಗೇನಾದರೂ ಬಂದಿದ್ದಳೇ? ಇಲ್ಲ ಎಂದರು ಹವಾಲ್ದಾರರು. ಇಲ್ವಲ್ಲಪ್ಪ ಎಂದರು ಜಯಮ್ಮ. ಸಿಂಚನ ಲಾಡು ತಿನ್ನುತ್ತಾ ಪಕ್ಕದಲ್ಲಿ ನಿಂತು ಕೇಳಿಸಿಕೊಂಡಳು.

"ಅಂಕಲ್, ಇನ್ನೊಂದಿತ್ತು ಗೊತ್ತಾ?" ಎಂದಳು.

"ಇನ್ನೊಂದೇನು?"

"ಟ್ಯೂನು. ಮಿಸ್ ಹೇಳಿದ್ರು, ಇನ್ನೊಂದಿದೆ, ಅದು ಕಷ್ಟ ಇದೆ, ಮೊದ್ಲು ನಾನ್ ಕಲೀಬೇಕು, ಆಮೇಲೆ ನಿಮಗೆ ಅಂತ."

"ಯಾವ ಊರು ಅಂತ ಹೇಳಿದ್ರಾ?"

ಅವಳು ಯೋಚಿಸಿದಳು. ಮುಖ ನೋಡಿದರೆ ಸುಳ್ಳಾದರೂ ಒಂದು ಊರು ಹೇಳಿಬಿಡೋಣವೇ ಎಂದು ಯೋಚಿಸುತ್ತಿರುವಂತಿತ್ತು. "ಇಲ್ಲ ಅಂಕಲ್," ಎಂದಳು.

ಈಗ ಬಿಡುವಿರುವ ಭಾನುವಾರ ನಾನು ಕುಣಿಗಲ್ ಕಡೆಯ ಊರುಗಳಿಗೆ ಹೋಗುತ್ತೇನೆ. ಹೊರದೇಶ ನೋಡಿ ಬಂದವರು ಎಲ್ಲ ಕಡೆಯೂ ಒಬ್ಬಿಬ್ಬರು ಇದ್ದೇ ಇರುತ್ತಾರೆ. ಮಲೇಷ್ಯಾದ ಹೋಟೆಲಿನಲ್ಲಿ ಅಡುಗೆ ಮಾಡಿದವರು, ಹಡಗಿನಲ್ಲಿದ್ದವರು. ಅವರು ಹೇಳುವುದನ್ನೆಲ್ಲ ಕೇಳುತ್ತೇನೆ. ನಡುವೆ ಬಾಯಿ ಹಾಕುವುದಿಲ್ಲ, ಫೋಟೋ ಕೊಟ್ಟರೆ ಮುಂಬದಿಯನ್ನಷ್ಟೇ ನೋಡಿ ವಾಪಸು ಕೊಡುತ್ತೇನೆ. ಕೊನೆಗೆ ಕೊಳಲಿನ ಚೀಲ ಹಾಕಿಕೊಂಡ ಒಬ್ಬ ಮೇಡಮ್ ನಿಮ್ಮಲ್ಲಿಗೆ ಬಂದಿದ್ದರೇ ಎಂದು ಕೇಳುತ್ತೇನೆ. ಕೆಲವರು ಒಳಗೆ ಹೋಗಿ ಹೆಂಡತಿಯನ್ನು ಕೇಳಿ ಬಂದು ಇಲ್ಲ ಎನ್ನುತ್ತಾರೆ. ಅವರಲ್ಲಿ ಯಾರೂ ಸುಳ್ಳು ಹೇಳುತ್ತಿದ್ದಾರೆಂದು ನನಗೆ ಅನಿಸಿಲ್ಲ.

ಆ ಮಧ್ಯಾಹ್ನ ಅವಳು ಯಾರ ಮನೆಯಲ್ಲಿದ್ದಳು, ಅಲ್ಲಿ ಏನು ಕೇಳಿಸಿಕೊಂಡಳು ಎಂಬುದು ಇನ್ನೂ ಸಿಕ್ಕಿಲ್ಲ.